ಏಪ್ರಿಕಾಟ್ ಶೆಡ್ಡಿನ ಸಂಬಳ

“ಈ ಸಂಬಳದಲ್ಲಿ ಅಮೆರಿಕದಲ್ಲಿ ಮಕ್ಕಳನ್ನ ಓದಿಸೋದು ಆಗೋ ಮಾತಲ್ಲ ಕಣಯ್ಯ. ಕಾಲೇಜು, ಡಿಗ್ರಿ ಅಂತೆಲ್ಲ ಆಸೆ ಇಟ್ಕೋಬೇಡ” ಎಂದು ಅಪ್ಪನಿಗೆ ಹೇಳಿದವರು ನನ್ನ ಮಾವ. ನನಗಾಗ ಹನ್ನೊಂದು ವರ್ಷ. ಅವರ ಮನೆಯ ಮೆತ್ತನೆಯ ಕಾರ್ಪೆಟ್ಟಿನ ಮೇಲೆ ಕೂತು ಕೋಡುಬಳೆ ತಿನ್ನುತ್ತಿದ್ದೆ. ಮಾತು ನನ್ನ ಬಗ್ಗೆ, ಅಕ್ಕನ ಬಗ್ಗೆ ಎಂದು ತಿಳಿದ ಮೇಲೆ ಕೋಡುಬಳೆ ಮುರಿಯುವ ಸದ್ದು ಯಾರಿಗೂ ಕೇಳದಿರಲಿ ಎಂದು ಅದನ್ನು ಬಾಯಲ್ಲೇ ನೆನೆಸಿಕೊಂಡು ನುಂಗಿದೆ.

ಮಾವ ಕೆಟ್ಟವರೇನಲ್ಲ. ಡಾಕ್ಟರು. ಲಾಸ್ ಆಲ್ಟೋಸ್‌ನಲ್ಲಿ ದೊಡ್ಡ ಮನೆ. ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ನರ್ಸಾಗಿ ಈ ದೇಶಕ್ಕೆ ಬಂದು ಅವರನ್ನು ಮದುವೆಯಾಗಿದ್ದಳು. ಆಮೇಲೆ ಅವಳೇ ಕಾಗದಪತ್ರ ಹಾಕಿ ನಮ್ಮನ್ನು ದಾವಣಗೆರೆಯಿಂದ ಕರೆಸಿಕೊಂಡಳು. ಅಪ್ಪ ಓದಿದ್ದು ಏಳನೇ ಕ್ಲಾಸಿನವರೆಗೆ. ಊರಿನಲ್ಲಿ ಹತ್ತಿ ಗಿರಣಿಯ ಕೆಲಸ; ಇಲ್ಲಿ ಹೇವರ್ಡಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಜೋಡಿಸುವ ಕೆಲಸ. ನಾವು ಇದ್ದದ್ದು ಕ್ಯುಪರ್ಟಿನೋದಲ್ಲಿ, ಒಂದು ಹಣ್ಣಿನ ತೋಟದ ಹಿಂಬದಿಯ ಎರಡು ಕೋಣೆಯ ಮನೆಯಲ್ಲಿ. ನಗಬೇಡಿ ಮಕ್ಕಳೇ. ಐವತ್ತು ವರ್ಷದ ಹಿಂದೆ ಆ ಊರಿನಲ್ಲಿ ಬಡವರೂ ಬಾಡಿಗೆ ಕೊಟ್ಟು ಇರಬಹುದಾಗಿತ್ತು.

ಆದರೆ ಆ ಬೇಸಿಗೆಯಲ್ಲಿ ಬಾಡಿಗೆ ಏರಿತು. ಸೆಪ್ಟೆಂಬರಿನಿಂದ ತಿಂಗಳಿಗೆ ನಲವತ್ತು ಡಾಲರು ಹೆಚ್ಚು ಕೊಡಬೇಕೆಂದು ಮನೆಯ ಯಜಮಾನರು ಚೀಟಿ ಕಳಿಸಿದರು. ಅಪ್ಪನ ಹತ್ತಿರ ಅಷ್ಟು ಇರಲಿಲ್ಲ. ಅತ್ತೆ ಆಗಸ್ಟ್ ಕೊನೆಗೆ ಊರಿಗೆ ಹೋಗುವವಳಿದ್ದಳು. ಮಾವ ಒಂದು ದಾರಿ ತೋರಿಸಿದರು: ಅತ್ತೆಯ ಜೊತೆ ಅಕ್ಕನನ್ನೂ ನನ್ನನ್ನೂ ದಾವಣಗೆರೆಗೆ ಕಳಿಸಿಬಿಡುವುದು, ಅಜ್ಜಿಯ ಮನೆಯಲ್ಲಿ ಬೆಳೆಯಲಿ, ಅಪ್ಪ ಅಮ್ಮ ಇಲ್ಲಿ ಯಾವುದಾದರೂ ಒಂದು ಕೋಣೆ ಹಿಡಿದು ಇರಲಿ.

“ಟಿಕೆಟ್ ನಾನ್ ಕೊಡಿಸ್ತೀನಿ. ಅದು ಒನ್ ಟೈಮ್ ಖರ್ಚು. ಬಾಡಿಗೆ ಹಾಗಲ್ಲ, ಎವ್ರಿ ಮಂತ್ ಬಂದು ಬಾಗಿಲು ತಟ್ಟುತ್ತೆ” ಎಂದರು ಮಾವ.

ಅಪ್ಪ ತಲೆ ಬಗ್ಗಿಸಿ “ಆಯ್ತು ಭಾವ, ಯೋಚ್ನೆ ಮಾಡ್ತೀನಿ” ಎಂದ. ಯೋಚನೆ ಮಾಡುವವನ ದನಿ ಅದಾಗಿರಲಿಲ್ಲ.

ಮನೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕನೂ ನಾನೂ ಕೂತಿದ್ದೆವು. ಅಕ್ಕನಿಗೆ ಆಗ ಹದಿನಾಲ್ಕು. ಅವಳು ಕಿಟಕಿಯ ಗಾಜಿಗೆ ಉಸಿರು ಊದಿ ಮಬ್ಬು ಮಾಡಿ ಅದರ ಮೇಲೆ ಬೆರಳಿನಿಂದ ಏನೋ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಆಮೇಲೆ ಕೇಳಿದಳು: “ಅಪ್ಪಾ, ಜನವರಿಗೆ ನಿನ್ನ ಸಂಬಳ ಏರುತ್ತಲ್ಲ?”

“ಏರ್ತೈತೆ. ಅಲ್ಲೀತನಕ ಹೆಂಗೆ?”

“ಸೆಪ್ಟೆಂಬರಿಂದ ಡಿಸೆಂಬರಿಗೆ ನಾಲ್ಕು ತಿಂಗಳು. ನಾಲ್ಕು ನಲವತ್ತಲ ನೂರರವತ್ತು. ನಾನೂ ಇವನೂ ಏಪ್ರಿಕಾಟ್ ಶೆಡ್ಡಿಗೆ ಹೋಗಿ ನೂರರವತ್ತು ಡಾಲರ್ ತಂದ್ರೆ?”

ಅಪ್ಪ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದ. “ನೂರರವತ್ತು ಕೈಗೆ ಬಂದ್ರೆ ಇಲ್ಲೇ ಇರೋಣ. ಬರಲಿಲ್ಲ ಅಂದ್ರೆ ಅಳಬಾರದು, ಅತ್ತೆ ಜತೀಗೆ ಹೋಗಬೇಕು. ಆ ಮ್ಯಾಲೆ ನನ್ನ ಬೈಬಾರದು” ಎಂದ.

ಹಾಗೆ ನಾವು ಶೆಡ್ಡಿಗೆ ಹೋದೆವು. ಆ ಕಾಲದಲ್ಲಿ ಬೇಸಿಗೆ ರಜೆ ಬಂತೆಂದರೆ ಸುತ್ತಲಿನ ಮಕ್ಕಳೆಲ್ಲ ಏಪ್ರಿಕಾಟ್, ಅಂದರೆ ಜರ್ದಾಳು ಹಣ್ಣನ್ನು ಒಣಗಿಸುವುದಕ್ಕೆ ಹೋಳು ಮಾಡಿಕೊಡಲು ತೋಟದ ಶೆಡ್ಡುಗಳಿಗೆ ಹೋಗುತ್ತಿದ್ದರು. ಬೆಳಿಗ್ಗೆ ನಾವು ಹೊರಟಾಗ ಪಶ್ಚಿಮದ ಬೆಟ್ಟಗಳಿಂದ ಮಂಜು ಇಳಿದು ಮರಗಳ ಸೊಂಟದವರೆಗೆ ನಿಂತಿರುತ್ತಿತ್ತು. ಮಂಜಿನೊಳಗೆ ಹಣ್ಣುಗಳು ಮಾತ್ರ ಕಾಣುತ್ತಿದ್ದವು, ಹಳದಿ ದೀಪಗಳ ಹಾಗೆ, ಕೊಂಬೆಯೇ ಇಲ್ಲದೆ ಗಾಳಿಯಲ್ಲಿ ತೇಲಿಕೊಂಡು. ನಾನು ಅಕ್ಕನ ಲಂಗದ ಚುಂಗು ಹಿಡಿದು ನಡೆಯುತ್ತಿದ್ದೆ. ನಾವು ಎಚ್ಚರವಾಗಿದ್ದೇವೋ ಇನ್ನೂ ಕನಸಿನಲ್ಲಿದ್ದೇವೋ ಎಂದು ಎಷ್ಟೋ ಸಲ ಅನುಮಾನ ಬರುತ್ತಿತ್ತು.

ಶೆಡ್ಡಿನೊಳಗೆ ಉದ್ದನೆಯ ಮರದ ಮೇಜುಗಳು. ಹಣ್ಣಿನ ನಡುವೆ ಒಂದು ಗೆರೆ ಇರುತ್ತದೆ. ಅದರ ಗುಂಟ ಚಾಕು ಸುತ್ತಿಸಿ, ಎರಡು ಹೋಳು ಮಾಡಿ, ಬೀಜ ತೆಗೆದು, ಹೋಳುಗಳನ್ನು ಬಟ್ಟಲಿನ ಹಾಗೆ ಮೇಲ್ಮುಖವಾಗಿ ಹಲಗೆಯ ಮೇಲೆ ಜೋಡಿಸಬೇಕು. ಮೊದಲ ದಿನ ಹಣ್ಣಿಗಿಂತ ಹೆಚ್ಚಾಗಿ ನನ್ನ ಬೆರಳನ್ನೇ ಕೊಯ್ದುಕೊಂಡೆ. ತುಂಬಿದ ಹಲಗೆಗಳನ್ನು, ಹಣ್ಣಿನ ಬಣ್ಣ ಕೆಡದಿರಲೆಂದು, ಗಂಧಕದ ಹೊಗೆಯ ಕೋಣೆಗೆ ಒಯ್ದು, ಆಮೇಲೆ ಬಿಸಿಲಿಗೆ ಹರಡುತ್ತಿದ್ದರು. ಹತ್ತು ಗಂಟೆಗೆ ಮಂಜು ಕರಗಿದಾಗ ನೆಲವೆಲ್ಲ ಕಿತ್ತಳೆ ಬಣ್ಣ. ಜೇನುಹುಳಗಳ ಗುಂಯ್‌ಗುಡುವಿಕೆ, ಮಾಗಿದ ಹಣ್ಣಿನ ಸಿಹಿ, ಮೂಗಿನ ತುದಿಯನ್ನು ಸುಡುವ ಗಂಧಕ. ಈಗಲೂ ಬೆಂಕಿಕಡ್ಡಿ ಗೀರಿದರೆ ನನಗೆ ಹಸಿವಾಗುತ್ತದೆ.

ಒಂದು ಪೆಟ್ಟಿಗೆ ಹಣ್ಣು ಕೊಯ್ದು ಮುಗಿಸಿದರೆ ಅರವತ್ತು ಸೆಂಟು. ಲೆಕ್ಕ ಇಡಲು ಒಂದು ರಟ್ಟಿನ ಕಾರ್ಡು. ತೋಟದ ಯಜಮಾನನ ತಾಯಿ, ಬೆಳ್ಳಗಿನ ಕೂದಲಿನ ಮುದುಕಿ, ಪೆಟ್ಟಿಗೆ ಖಾಲಿಯಾದಾಗಲೆಲ್ಲ ಬಂದು ಕಾರ್ಡಿನಲ್ಲಿ ಒಂದು ತೂತು ಹೊಡೆಯುತ್ತಿದ್ದಳು. ನಾವು ಅವಳನ್ನು ನಮ್ಮೊಳಗೆ ತೂತಜ್ಜಿ ಎನ್ನುತ್ತಿದ್ದೆವು. ನಾನು ಚಿಕ್ಕವನೆಂದು ಇಬ್ಬರಿಗೂ ಸೇರಿ ಅಕ್ಕನ ಹೆಸರಿನಲ್ಲಿ ಒಂದೇ ಕಾರ್ಡು. ಅದು ತುಂಬಿದರೆ ಇನ್ನೊಂದು. ಊಟದ ಹೊತ್ತಿಗೆ ಅಕ್ಕ ಕಾರ್ಡನ್ನು ಬಿಸಿಲಿಗೆ ಹಿಡಿಯುತ್ತಿದ್ದಳು. ತೂತುಗಳಿಂದ ತೂರಿದ ಬೆಳಕು ನನ್ನ ತೋಳಿನ ಮೇಲೆ ಸಾಲುಸಾಲು ಚುಕ್ಕಿಯಾಗಿ ಬೀಳುತ್ತಿತ್ತು. “ಅಲ್ಲಾಡಬೇಡ್ವೋ, ಎಣಿಸ್ತಾ ಇದೀನಿ” ಎಂದು ಗದರುತ್ತಿದ್ದಳು.

ಈಗ ನಾನು ಹೇಳಹೊರಟ ದಿನ. ಅದು ಶುಕ್ರವಾರ, ಹಣ್ಣು ಮುಗಿದ ದಿನ, ಸಂಬಳದ ದಿನ. ಸಂಜೆ ಏಳಕ್ಕೆ ಮಾವ ಫೋನು ಮಾಡಿ, ಟಿಕೆಟ್ ಕೊಳ್ಳಬೇಕೋ ಬೇಡವೋ ಎಂದು ಅಪ್ಪನನ್ನು ಕೇಳುವುದು ಎಂದು ನಿಶ್ಚಯವಾಗಿತ್ತು. ಅಕ್ಕ ಹಿಂದಿನ ದಿನವೇ ತೂತುಗಳನ್ನೆಲ್ಲ ಎಣಿಸಿ ಮುಗಿಸಿದ್ದಳು. ಇನ್ನೂರ ಎಪ್ಪತ್ತು. ಅರವತ್ತು ಸೆಂಟಿನಂತೆ ನೂರ ಅರವತ್ತೆರಡು ಡಾಲರು. ನಮಗೆ ಬೇಕಾದದ್ದಕ್ಕಿಂತ ಎರಡು ಡಾಲರು ಹೆಚ್ಚು! ಆ ಎರಡು ಡಾಲರಿನಲ್ಲಿ ಐಸ್‌ಕ್ರೀಮು ತಿನ್ನುವುದೋ ಅಮ್ಮನಿಗೆ ಹೂವಿನ ಕುಂಡ ತರುವುದೋ ಎಂದು ದಾರಿಯುದ್ದಕ್ಕೂ ಜಗಳ ಆಡಿದ್ದೆವು.

ತೂತಜ್ಜಿ ಮರದ ಕೆಳಗೆ ಮೇಜು ಹಾಕಿಕೊಂಡು ಲಕೋಟೆ ಹಂಚುತ್ತಿದ್ದಳು. ಅಕ್ಕ ಲಕೋಟೆ ಬಿಚ್ಚಿ ಎಣಿಸಿದಳು. ಮತ್ತೆ ಎಣಿಸಿದಳು. ನೆಲದಲ್ಲಿ ಕೂತು ಮೂರನೇ ಸಲ ಎಣಿಸಿದಳು. ನೂರ ನಲವತ್ತೊಂಬತ್ತು ಡಾಲರು, ನಲವತ್ತು ಸೆಂಟು.

“ನಮ್ಮ ದುಡ್ಡು ಕದ್ದಿದ್ದಾರೆ” ಎಂದೆ ನಾನು ಕನ್ನಡದಲ್ಲಿ, ಸ್ವಲ್ಪ ಜೋರಾಗಿಯೇ.

ಅಕ್ಕ ನನ್ನ ಬಾಯಿ ಮುಚ್ಚಿಸಿ ಮೇಜಿನ ಹತ್ತಿರ ಹೋದಳು. ಇನ್ನೂರ ಎಪ್ಪತ್ತು ತೂತು, ನೂರ ಅರವತ್ತೆರಡು ಆಗಬೇಕು, ಹನ್ನೆರಡು ಡಾಲರು ಅರವತ್ತು ಸೆಂಟು ಕಡಿಮೆ ಇದೆ ಎಂದು ಒಂದೇ ಉಸಿರಿಗೆ ಹೇಳಿದಳು. ತೂತಜ್ಜಿ ಕನ್ನಡಕ ಏರಿಸಿಕೊಂಡು ನಕ್ಕಳು. ಅವಳು ಮಾತಾಡಿದ್ದು ಇಂಗ್ಲಿಷಿನಲ್ಲೇ. ಆದರೆ ಅದೇಕೋ ಇಷ್ಟು ವರ್ಷವಾದ ಮೇಲೆ ನನ್ನ ನೆನಪಿನಲ್ಲಿ ಅವಳು ಕನ್ನಡದಲ್ಲೇ ಮಾತಾಡುತ್ತಾಳೆ.

“ನಿನ್ನ ಲೆಕ್ಕ ಸರಿಯಾಗಿದೆ ಮಗು. ನಾಲ್ಕು ವಾರದಲ್ಲಿ ನೀವು ದುಡಿದದ್ದು ನೂರ ಅರವತ್ತೆರಡೇ. ಆದರೆ ದುಡಿದದ್ದೆಲ್ಲ ಕೈಗೆ ಬರೋದಿಲ್ಲ. ಲಕೋಟೆಯ ಒಳಗೆ ಇನ್ನೂ ಒಂದು ಚೀಟಿ ಇದೆ, ಓದು.”

ಚೀಟಿ ಲಕೋಟೆಯ ತಳಕ್ಕೆ ಅಂಟಿಕೊಂಡಿತ್ತು, ಹಣ್ಣಿನ ರಸಕ್ಕೆ. ಅಕ್ಕ ಬಿಡಿಸಿದಳು. ಮೇಲೆ ನೂರ ಅರವತ್ತೆರಡು. ಕೆಳಗೆ ಮೂರು ಸಾಲು. ಮುಪ್ಪಿನ ಕಾಲಕ್ಕೆಂದು ಸರ್ಕಾರ ಕೂಡಿಡುವ ನಿಧಿಗೆ ಒಂಬತ್ತು ಡಾಲರು ನಲವತ್ತೆಂಟು ಸೆಂಟು. ಕಾಯಿಲೆ ಬಿದ್ದವರ ನಿಧಿಗೆ ಒಂದು ಡಾಲರು ಅರವತ್ತೆರಡು ಸೆಂಟು. ನಾನು ಎರಡನೇ ವಾರ ಕಳೆದು ಹಾಕಿದ ಚಾಕುವಿಗೆ ಒಂದೂವರೆ ಡಾಲರು. ಕೊನೆಯ ಸಾಲಿನಲ್ಲಿ, ಕೈಗೆ ಬಂದದ್ದು. ನಾನು ಚಾಕುವಿನ ಸಾಲನ್ನು ಬೆರಳಿನಿಂದ ಮುಚ್ಚಿ ನಿಂತೆ.

“ಹನ್ನೊಂದು ವರ್ಷದ ಇವನು ಮುಪ್ಪಿಗೆ ದುಡ್ಡು ಕಟ್ಟಬೇಕಾ?” ಎಂದು ಅಕ್ಕ ಕೇಳಿದಳು. ಅವಳ ಕಣ್ಣು ತುಂಬಿ ಬಂದಿತ್ತು.

“ಕಾರ್ಡು ನಿನ್ನ ಹೆಸರಲ್ಲಿದೆ, ಆದ್ದರಿಂದ ಮುಪ್ಪೂ ನಿನ್ನದೇ” ಎಂದಳು ಅಜ್ಜಿ. ಅಕ್ಕ ನಗದಿದ್ದುದನ್ನು ಕಂಡು ಮೆತ್ತಗಾದಳು. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹೋಳು ಒಣಹಣ್ಣು ಕೊಟ್ಟು ಹೇಳಿದಳು: “ನಿಮ್ಮದರಲ್ಲಿ ಆದಾಯದ ತೆರಿಗೆ ಕಟ್ ಆಗಿಲ್ಲ. ದೊಡ್ಡವರದ್ದರಲ್ಲಿ ಆಗುತ್ತೆ. ನಿಮ್ಮಪ್ಪನ ಚೀಟಿ ನೋಡು. ಹೆಸರಿನ ಪಕ್ಕ ಒಂದು ಅಕ್ಷರ, ಒಂದು ಅಂಕಿ ಇರುತ್ತೆ. ಮದುವೆ ಆಗಿದೆಯೋ ಇಲ್ಲವೋ ಅನ್ನೋದು ಅಕ್ಷರ. ಆ ಸಂಬಳದ ಮೇಲೆ ಎಷ್ಟು ಹೊಟ್ಟೆ ನಿಂತಿದೆ ಅನ್ನೋದು ಅಂಕಿ. ಅಂಕಿ ದೊಡ್ಡದಾದಷ್ಟೂ ವಾರದ ತೆರಿಗೆ ಕಮ್ಮಿ ಕಟ್ ಆಗುತ್ತೆ.”

ನಾವು ತೋಟದ ನಡುವೆ ಓಡಿದೆವು. ಹಣ್ಣೆಲ್ಲ ಇಳಿದು ಹಗುರಾದ ಮರಗಳು ಗಾಳಿಗೆ ತಲೆಯಾಡಿಸುತ್ತಿದ್ದವು. ಅಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅಕ್ಕ ಅಡುಗೆ ಕಟ್ಟೆ ಹತ್ತಿ, ಅಟ್ಟದ ಮೇಲಿದ್ದ ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಅಪ್ಪ ತನ್ನ ವಾರದ ಚೀಟಿಗಳನ್ನು ನಾಲ್ಕಾಗಿ ಮಡಚಿ ಅದರಲ್ಲಿ ಹಾಕಿಡುತ್ತಿದ್ದ. ಒಂದನ್ನೂ ಬಿಚ್ಚಿ ಓದಿದ್ದಿಲ್ಲ. ಕಟ್ ಆಗಿದ್ದನ್ನ ನೋಡಿ ಸಂಕಟ ಪಡೋದ್ಯಾಕೆ ಎನ್ನುತ್ತಿದ್ದ.

ಅಕ್ಕ ಒಂದು ಬಿಚ್ಚಿದಳು, ಇನ್ನೊಂದು ಬಿಚ್ಚಿದಳು. ನೆಲದ ತುಂಬ ಚೀಟಿಗಳು. ಎಲ್ಲದರಲ್ಲೂ ಅಪ್ಪನ ಹೆಸರಿನ ಪಕ್ಕ ಒಂಟಿ ಎನ್ನುವ ಅಕ್ಷರ, ಅದರ ಪಕ್ಕ ಸೊನ್ನೆ.

ಸೊನ್ನೆ. ನಾನು ನನ್ನ ಅಂಗೈ ನೋಡಿಕೊಂಡೆ. ಏಪ್ರಿಕಾಟಿನ ಕಲೆ ಹತ್ತಿ ಕಂದಾಗಿದ್ದ ಅಂಗೈ. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಬಿಸಿಲು ಕೈಯನ್ನು ತೂರಿ ನೆಲಕ್ಕೆ ಬೀಳುತ್ತದೋ ಏನೋ ಎಂದು ಒಂದು ಗಳಿಗೆ ನಿಜವಾಗಿ ಕಾದು ನೋಡಿದೆ. ಮೂರು ವರ್ಷದಿಂದ ನಾವು ಈ ಮನೆಯಲ್ಲಿ ಉಂಡು, ಮಲಗಿ, ಜಗಳವಾಡಿ ಇದ್ದೆವು. ಆದರೆ ಹೇವರ್ಡಿನ ಆ ಕಾಗದದಲ್ಲಿ ಅಮ್ಮ ಇರಲಿಲ್ಲ, ಅಕ್ಕ ಇರಲಿಲ್ಲ, ನಾನೂ ಇರಲಿಲ್ಲ.

ಅಪ್ಪ ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ನೆಲದ ಮೇಲಿನ ಚೀಟಿಗಳನ್ನು ಕಂಡು ಬಾಗಿಲಲ್ಲೇ ನಿಂತ. ಅಕ್ಕ ಲಕೋಟೆಯನ್ನೂ ಚೀಟಿಯನ್ನೂ ಕೈಗಿಟ್ಟು ಎಲ್ಲ ಹೇಳಿದಳು. “ಇಲ್ಲಿ ಸೊನ್ನೆ ಯಾಕಿದೆ ಅಪ್ಪಾ?” ಎಂದಳು.

ಅಪ್ಪ ಅಲ್ಲೇ ಹೊಸ್ತಿಲಲ್ಲಿ ಕೂತುಕೊಂಡ. “ಕೆಲಸ ಕೇಳಾಕೆ ಹೋದ ದಿನ ಕಿಟಕ್ಯಾಗಿದ್ದಾಕೆ ಕೇಳಿದ್ಲು, ನಿನ್ನ ನಂಬ್ಕೊಂಡು ಎಷ್ಟು ಜನ ಅದಾರೆ ಅಂತ. ಊರಾಗೆ ಗಿರಣಿ ಮೇಸ್ತ್ರಿನೂ ಹಿಂಗೇ ಕೇಳ್ತಿದ್ದ. ಹೆಂಡ್ತಿ ಐತೆ, ಮಕ್ಕಳು ಅದಾವೆ ಅಂದ್ರೆ, ಇವ ರಜ ಕೇಳ್ತಾನೆ, ಮುಂಗಡ ಕೇಳ್ತಾನೆ ಅಂತ ಹಿಂದಕ್ಕೆ ಕಳಿಸ್ತಿದ್ದ. ಒಂಟಿ ಆಳಿಗೇ ಕೆಲಸ. ಅದಕ್ಕೆ ನಾನು…” ಅವನು ಚೀಟಿಯನ್ನು ಮತ್ತೆ ನಾಲ್ಕಾಗಿ ಮಡಚತೊಡಗಿದ. “ಯಾರೂ ಇಲ್ಲ ಅಂದೆ.”

ಅಮ್ಮ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಹಿಂದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. “ಯಾರೂ ಇಲ್ಲ ಅಂದ್ರಾ? ಹಂಗಾದ್ರೆ ಮೂರು ವರ್ಷದಿಂದ ನಿಮಗೆ ಬುತ್ತಿ ಕಟ್ಟೋಳು ಯಾರು, ದೆವ್ವನಾ?”

“ಬೈಬ್ಯಾಡ ಮಾರಾಯ್ತಿ. ಕೆಲಸ ಸಿಕ್ಕಿದ್ರೆ ಸಾಕಾಗಿತ್ತು.”

“ಬೈತಾ ಇಲ್ಲ. ಹೋಗಿ ಸರಿ ಮಾಡಿಸ್ಕೊಂಡು ಬರ್ರಿ.”

“ಸುಳ್ಳು ಹೇಳಿದ್ದೆ ಅಂತ ಕೆಲಸಾನೇ ಕಿತ್ಕೊಂಡ್ರೆ? ಆಗ ಮಕ್ಕಳಷ್ಟೇ ಅಲ್ಲ, ನಾವೂ ಗಂಟು ಕಟ್ಟಬೇಕು.”

ಹಿತ್ತಲಿನಲ್ಲಿ ಒದ್ದೆ ಸೀರೆ ಗಾಳಿಗೆ ಪಟಪಟ ಅನ್ನುತ್ತಿತ್ತು. ಅಮ್ಮ ಬುಟ್ಟಿ ಕೆಳಗಿಟ್ಟು, ಒಳಗೆ ಹೋಗಿ, ಹಬ್ಬಕ್ಕೆ ಉಡುವ ನೀಲಿ ರೇಷ್ಮೆ ಸೀರೆ ಉಟ್ಟುಕೊಂಡು ಬಂದಳು. “ನಡೀರಿ. ನಾವೂ ಬರ್ತೀವಿ. ಕಣ್ಣಾರೆ ನೋಡಿ ಎಣಿಸ್ಕೊಳ್ಲಿ” ಎಂದಳು.

ಗೋದಾಮಿನ ಆಫೀಸು ಐದಕ್ಕೆ ಮುಚ್ಚುತ್ತಿತ್ತು. ಹೇವರ್ಡ್ ಇದ್ದದ್ದು ಕೊಲ್ಲಿಯ ಆಚೆ ದಡದಲ್ಲಿ; ಸೇತುವೆಯ ಟೋಲು ಉಳಿಸಲು ಅಪ್ಪ ದಿನವೂ ಕೊಲ್ಲಿಯನ್ನು ಸುತ್ತುಹಾಕಿಕೊಂಡು ಹೋಗುತ್ತಿದ್ದ. ಆ ದಿನ ಮೊದಲ ಸಲ ಟೋಲು ಕೊಟ್ಟು ನೇರ ಸೇತುವೆ ಹತ್ತಿದ. ನಾನು ಆ ಸೇತುವೆಯನ್ನು ಅದುವರೆಗೆ ನೋಡಿರಲಿಲ್ಲ. ಎರಡೂ ಕಡೆ ಉಪ್ಪಿನ ಪಾತಿಗಳು. ಒಂದು ಗುಲಾಬಿ, ಒಂದು ಕಂದು, ಒಂದು ಹಾಲಿನ ಹಾಗೆ ಬಿಳಿ. ಅವುಗಳ ನಡುವೆ ಉದ್ದ ಕಾಲಿನ ಹಕ್ಕಿಗಳು ತಮ್ಮ ನೆರಳಿನ ಮೇಲೆ ತಾವೇ ನಿಂತಿದ್ದವು. ನೀರು ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಕಾರು ರಸ್ತೆಯ ಮೇಲೆ ಓಡುತ್ತಿಲ್ಲ, ಯಾವುದೋ ಬಣ್ಣದ ನಿದ್ದೆಯೊಳಗೆ ತೇಲುತ್ತಿದೆ ಅನ್ನಿಸಿತು. ಅಮ್ಮ ಸೀರೆಯ ಸೆರಗನ್ನು ನನ್ನ ಕಾಲ ಮೇಲೆ ಹಾಸಿದ್ದಳು. ಈ ಸೇತುವೆ ಮುಗಿಯದಿರಲಿ ಎಂದುಕೊಂಡೆ. ಮುಗಿದ ಮೇಲೆ ಏನಾಗುವುದೋ ಯಾರಿಗೆ ಗೊತ್ತಿತ್ತು!

ಗೋದಾಮಿನ ಆಫೀಸಿನಲ್ಲಿ ಒಂದು ಚಿಕ್ಕ ಕಿಟಕಿ. ಒಳಗೆ ದಪ್ಪ ಕನ್ನಡಕದ ಹೆಂಗಸೊಬ್ಬಳು ಚೀಲ ಹೆಗಲಿಗೇರಿಸಿ ಹೊರಡಲು ನಿಂತಿದ್ದಳು. ಅಪ್ಪ ಚೀಟಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ತನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ, ಇದು ತಪ್ಪು, ತಪ್ಪು ನನ್ನದೇ ಎಂದ. ಮುಂದಿನ ಮಾತು ಬರಲಿಲ್ಲ. ಅಕ್ಕ ಮುಂದೆ ಬಂದು ಬಿಡಿಸಿ ಹೇಳಿದಳು. ಆ ಹೆಂಗಸು ಸೊನ್ನೆಯನ್ನು ನೋಡಿದಳು. ಅಪ್ಪನ ಹಿಂದೆ ಸಾಲಾಗಿ ನಿಂತಿದ್ದ ನಮ್ಮನ್ನು ನೋಡಿದಳು. ರೇಷ್ಮೆ ಸೀರೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

“ಮೂರು ವರ್ಷ ಇವರನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೆಯಪ್ಪಾ?” ಎಂದಳು.

ಅಪ್ಪ ಕೈಯಲ್ಲಿದ್ದ ಟೋಪಿಯನ್ನು ಹಿಂಡುತ್ತಿದ್ದ. ಕೆಲಸ ಹೋಗುತ್ತದೆಯೇ ಎಂದು ಅಕ್ಕ ಅವನ ಪರವಾಗಿ ಕೇಳಿದಳು. ಆ ಹೆಂಗಸಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಹೆಂಡತಿ ಮಕ್ಕಳು ಇದ್ದಾರೆ ಎಂದು ಯಾರಾದರೂ ಕೆಲಸದಿಂದ ತೆಗೆಯುತ್ತಾರೆಯೇ ಎಂದು ತಲೆಯಾಡಿಸಿದಳು. ಹೆಗಲಿನ ಚೀಲ ಇಳಿಸಿ, ಹೊಸ ಕಾಗದ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಕೇಳಿದಳು: ಎಷ್ಟು ಜನ?

ಅಪ್ಪ ತಿರುಗಿ ನೋಡಿದ. ಅಮ್ಮ, ಅಕ್ಕ, ನಾನು. “ಮೂರು” ಎಂದ, ಇಂಗ್ಲಿಷಿನಲ್ಲಿ, ದೊಡ್ಡದಾಗಿ.

ಅವಳು ಬರೆಯಲಿಲ್ಲ. ಪೆನ್ನಿನ ತುದಿಯಿಂದ ಅಪ್ಪನನ್ನೇ ತೋರಿಸಿದಳು. “ನಿನ್ನನ್ನು ಎಣಿಸಲಿಲ್ಲವಲ್ಲ. ನೀನೂ ಊಟ ಮಾಡಬೇಕಲ್ಲವೇ? ನಾಲ್ಕು” ಎಂದು ಬರೆದಳು.

ಟೋಪಿ ಹಿಂಡುತ್ತಿದ್ದ ಅಪ್ಪನ ಕೈ ಸುಮ್ಮನಾಯಿತು.

ಅವಳು ಒಂದು ಪಟ್ಟಿ ತೆಗೆದು ಸಾಲಿನ ಮೇಲೆ ಬೆರಳಾಡಿಸಿ, ಮುಂದಿನ ವಾರದಿಂದ ಕೈಗೆ ಬರುವುದು ವಾರಕ್ಕೆ ಹನ್ನೊಂದು ಡಾಲರು ಚಿಲ್ಲರೆ ಹೆಚ್ಚು ಎಂದಳು. ಈವರೆಗೆ ಹೆಚ್ಚಾಗಿ ಕಟ್ ಆದದ್ದಕ್ಕೆ ಬೇರೆ ಕಾಗದ ತುಂಬಿ ಸರ್ಕಾರವನ್ನೇ ಕೇಳಬೇಕು ಎಂದಳು. ಅದು ಆ ವರ್ಷದ ಚಳಿಗಾಲದಲ್ಲಿ ಅಕ್ಕ ಮಾಡಿದ ದೊಡ್ಡ ಕೆಲಸ, ಅದರ ಕತೆ ಬೇರೆ. ನಾನು ಆ ಹೊತ್ತಿನಲ್ಲಿ ಮಾಡಿದ್ದು ಒಂದೇ ಲೆಕ್ಕ. ನಾಲ್ಕು ಹನ್ನೊಂದಲ ನಲವತ್ತನಾಲ್ಕು. ಬಾಡಿಗೆ ಏರಿದ ನಲವತ್ತಕ್ಕಿಂತ ಹೆಚ್ಚು. ಬೆರಳು ಬಿಟ್ಟು, ಬಾಯಲ್ಲಿ ಹೇಳದೆ, ನಾನು ಮನಸ್ಸಿನಲ್ಲೇ ಮಾಡಿದ ಮೊದಲ ಗುಣಾಕಾರ ಅದು.

ಏಳಕ್ಕೆ ಸರಿಯಾಗಿ ಫೋನು ಬಂತು. ಅಪ್ಪ ನಿಂತೇ ಮಾತಾಡಿದ. “ಟಿಕೆಟ್ ಬ್ಯಾಡ ಭಾವ. ಮಕ್ಕಳು ಇಲ್ಲೇ ಇರ್ತಾವೆ.”

ಮಾವನ ದನಿ ಫೋನಿನ ಹೊರಗೂ ಕೇಳುತ್ತಿತ್ತು. “ಯಾಕೋ, ಸಂಬಳ ಜಾಸ್ತಿ ಮಾಡಿದ್ರಾ?”

“ಸಂಬಳ ಅಷ್ಟೇ ಐತೆ. ಕೈಗೆ ಬರೋದು ಜಾಸ್ತಿ ಆತು” ಎಂದು ಅಪ್ಪ ನಡೆದದ್ದನ್ನೆಲ್ಲ ಹೇಳಿದ. ಮಾವ ದನಿ ತಗ್ಗಿಸಿ, “ಅಲ್ಲಯ್ಯ, ನನ್ನ ಸ್ಲಿಪ್ಪಲ್ಲಿ ಎಷ್ಟಿದೆ ಅಂತ ನಾನೂ ಇದುವರೆಗೆ ನೋಡಿಲ್ಲ. ನಾಳೆ ನಿನ್ನ ಮಗಳನ್ನ ಸ್ವಲ್ಪ ಕರ್ಕೊಂಡ್ ಬರ್ತೀಯಾ?” ಎಂದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾವಿಬ್ಬರೂ ಹಿತ್ತಲಿಗೆ ಓಡಿ, ಉಸಿರು ಹತ್ತುವವರೆಗೆ ಮರಗಳ ಸುತ್ತ ಸುಮ್ಮನೆ ಓಡಿದೆವು.

ಈಗ ಆ ತೋಟ ಇಲ್ಲ. ಅಲ್ಲಿ ಒಂದು ಶಾಲೆ, ಅದರ ಮುಂದೆ ಕಾರು ನಿಲ್ಲಿಸುವ ಬಯಲು. ಆ ಶಾಲೆಗೆ ಮಕ್ಕಳನ್ನು ಸೇರಿಸಬೇಕೆಂದೇ ಜನ ಎಲ್ಲೆಲ್ಲಿಂದಲೋ ಬಂದು, ಜೀವಮಾನದ ಸಾಲ ಮಾಡಿ ಕ್ಯುಪರ್ಟಿನೋದಲ್ಲಿ ಮನೆ ಕೊಳ್ಳುತ್ತಾರೆ. ನನ್ನ ಮೊಮ್ಮಕ್ಕಳು ಓದುತ್ತಿರುವುದೂ ಅಲ್ಲೇ. ಮೊಮ್ಮಗಳಿಗೆ ಹದಿನಾರು, ಲಾಸ್ ಆಲ್ಟೋಸ್‌ನ ಒಂದು ಬೇಕರಿಯಲ್ಲಿ ಶನಿವಾರ, ಭಾನುವಾರ ಕೆಲಸ ಮಾಡುತ್ತಾಳೆ. ಅವಳ ಸಂಬಳಕ್ಕೆ ತೂತಿನ ಕಾರ್ಡಿಲ್ಲ, ಲಕೋಟೆಯಿಲ್ಲ, ಹಣ್ಣಿನ ರಸದ ಅಂಟಿಲ್ಲ. ಸದ್ದೇ ಇಲ್ಲದೆ ಬ್ಯಾಂಕಿಗೆ ಹೋಗಿ ಕೂತಿರುತ್ತದೆ. ಮೊದಲ ಸಲ ಬಂದ ದಿನ ಫೋನು ಹಿಡಿದು ಓಡಿ ಬಂದಳು.

“ತಾತಾ, ವೇರ್ ಇಸ್ ದ ರೆಸ್ಟ್ ಆಫ್ ಮೈ ಮನಿ?”

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಫೋನಿನೊಳಗೆ ಎಲ್ಲೋ ಅಡಗಿದ್ದ ಚೀಟಿಯನ್ನು ಅವಳೇ ಹುಡುಕಿ ತೆಗೆದಳು. ಗಂಟೆಗೆ ಇಷ್ಟು, ಇಷ್ಟು ಗಂಟೆ, ಗುಣಿಸಿದರೆ ಇಷ್ಟು. ಇದು ದುಡಿದದ್ದು. ಇದು ಮುಪ್ಪಿಗೆ, ಇದು ಆಸ್ಪತ್ರೆಗೆ, ಇದು ಸರ್ಕಾರಕ್ಕೆ. ಕಳೆದರೆ ಉಳಿದದ್ದು ಕೈಗೆ. ಒಂದೊಂದೇ ಸಾಲು ಇಬ್ಬರೂ ಓದಿದೆವು. ಈ ಕತೆಯನ್ನು ಎಷ್ಟೋ ಸಲ ಕೇಳಿದ್ದ ಅವಳ ತಮ್ಮ ನಡುವೆ ತೂರಿಕೊಂಡು, “ಆಮ್ ಐ ಇನ್ ಅಪ್ಪಾಸ್ ಸ್ಲಿಪ್, ತಾತಾ?” ಎಂದು ಕೇಳಿದ. ಇದ್ದೀಯ ಕಣೋ ಎಂದೆ. ಇರದೆ ಎಲ್ಲಿಗೆ ಹೋಗುತ್ತೀಯ ಎಂಬಂತೆ ಅವನು ಆಟಕ್ಕೆ ಓಡಿದ. ಅವರಿಗೆ ಲೆಕ್ಕದಲ್ಲಿ ಹತ್ತು ಡಾಲರು ಕಡಿಮೆಯಾದರೆ ಸಿಟ್ಟು ಬರುತ್ತದೆ, ಅಷ್ಟೇ. ಮನೆ ಬಿಟ್ಟು ಹೋಗಬೇಕಾದೀತು ಎಂಬ ಭಯ ಬರುವುದಿಲ್ಲ. ಹಾಗೆ ಭಯವಿಲ್ಲದೆ ಅವರು ಸಿಟ್ಟಾಗುವುದನ್ನು ನೋಡುವುದು ನನಗೆ ಇಷ್ಟ.

ಆಮೇಲೆ ನಾನು ಏನಾದೆ ಎಂದು ನೀವು ಕೇಳಬಹುದು. ಹೇವರ್ಡಿನ ಗುಡ್ಡದ ಮೇಲಿನ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಓದಿದೆ. ನಾಲ್ಕು ವರ್ಷದ ಓದು ಏಳು ವರ್ಷ ಹಿಡಿಯಿತು. ಹಗಲು ಅಪ್ಪನ ಗೋದಾಮಿನಲ್ಲೇ ಪೆಟ್ಟಿಗೆ ಹೊತ್ತೆ, ಸಂಜೆ ತರಗತಿಯಲ್ಲಿ ಕೂತೆ, ಎರಡು ಸಲ ಫೇಲಾದೆ, ಮೂರನೇ ಸಲ ಪಾಸಾದೆ. ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ್ದ ಅಕ್ಕ ನನ್ನ ಅರ್ಧ ಫೀಸು ಕಟ್ಟಿದಳು. ತನ್ನ ಡಿಗ್ರಿಯನ್ನು ನನಗಿಂತ ಎರಡು ವರ್ಷ ತಡವಾಗಿ ಪಡೆದಳು. ನಮ್ಮ ವಂಶದಲ್ಲೇ ಮೊದಲ ಎರಡು ಡಿಗ್ರಿ ಅವು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಪದವಿ ಸಮಾರಂಭದ ದಿನ ವೇದಿಕೆಯ ಮೇಲೆ ಕೊಟ್ಟದ್ದು ಪ್ರಮಾಣಪತ್ರದ ಬರೀ ಹೊದಿಕೆ. ಒಳಗೆ ಏನೂ ಇರಲಿಲ್ಲ. ನಿಜವಾದ ಪ್ರಮಾಣಪತ್ರವನ್ನು ಕೆಲವು ವಾರದ ಮೇಲೆ ಕಾಲೇಜಿನ ಆಫೀಸಿನಲ್ಲಿ ಕೈಗೆ ಕೊಟ್ಟರು. ಅಪ್ಪ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದ. ಗುಡ್ಡದ ಮೇಲೆ ಜೋರು ಗಾಳಿ, ಕೆಳಗೆ ದೂರದಲ್ಲಿ ಕೊಲ್ಲಿಯ ನೀರು ಮಿನುಗುತ್ತಿತ್ತು. ನಾನು ಕಾಗದವನ್ನು ಅವನ ಕೈಗಿಟ್ಟೆ. ಅವನು ತನ್ನ ಅಂಗೈಗಳನ್ನು ಮೊದಲು ಪ್ಯಾಂಟಿಗೆ ಒರೆಸಿಕೊಂಡ. ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ, ತುಟಿ ಆಡಿಸಿಕೊಂಡು ಓದಿದ. ಮತ್ತೆ ಮೊದಲಿನಿಂದ ಓದಿದ. ಆಮೇಲೆ ಹುಷಾರಾಗಿ ನನಗೇ ಮರಳಿ ಕೊಟ್ಟು, ಕಾರು ಶುರು ಮಾಡಿದ.

“ಮಡಚಬ್ಯಾಡ” ಎಂದ. “ಎರಡೂ ಕೈಯಾಗೆ ನೆಟ್ಟಗೆ ಹಿಡ್ಕೊಂಡು ಕೂತ್ಕೋ. ನಾನು ನಿಧಾನಕ್ಕೆ ಓಡಿಸ್ತೀನಿ.”